ಗೂಟ, ದಂಡ, ಊಟ: ಲ್ಯಾಕ್ಸ್‌ಟನ್ ಎಂಬ ಹಳ್ಳಿ

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ ಸೋದೆಯ ಕಾಳುಮೆಣಸು ಮತ್ತು ಹೊರದೇಶದ ವ್ಯಾಪಾರ. ಕರಪತ್ರದಲ್ಲೂ ಹಾಗೇ ಅಚ್ಚಾಗಿದೆ. ಆದರೆ ಶಿರಸಿಯಲ್ಲಿ ನಿಂತು ಸೋದೆ ಬಗ್ಗೆ ಉಪನ್ಯಾಸ ಕೊಡುವಷ್ಟು ಧೈರ್ಯ ನನಗಿಲ್ಲ. ಮುಂದಿನ ಸಾಲಿನಲ್ಲಿ ಕೂತ ನಾಲ್ಕೈದು ಜನಕ್ಕೆ ಆ ವಿಷಯ ನನಗಿಂತ ಜಾಸ್ತಿ ಗೊತ್ತು. ಅದಕ್ಕೇ ಮೆಣಸು ಮಾರಿದವರನ್ನು ಬಿಟ್ಟು ಕೊಂಡವನ ಕಡೆ ಹೋಗುತ್ತೇನೆ. ಕೊಂಡವನಿಗೆ ಇಂಗ್ಲೆಂಡಿನಲ್ಲಿ ಒಂದು ಹಳ್ಳಿ ಇತ್ತು. ನಾನು ಇವತ್ತು ಮಾತಾಡುವುದು ಆ ಹಳ್ಳಿ ಬಗ್ಗೆ. ಮೆಣಸು ನಡುವೆ ಎಲ್ಲೋ ಬರುತ್ತದೆ, ಗಾಬರಿಯಾಗಬೇಡಿ.

ಇನ್ನೊಂದು ಕಾರಣವೂ ಇದೆ. ಇತ್ತೀಚೆಗೆ ಒಂದು ಸಭೆಯಲ್ಲಿ ಗೋಮಾಳದ ಮಾತು ಬಂತು. ಓದಿದವರೊಬ್ಬರು ಎದ್ದು ನಿಂತು, ಎಲ್ಲರದೂ ಅಂದರೆ ಯಾರದೂ ಅಲ್ಲ, ಹಂಚಿ ಮುಗಿಸಿ ಅಂದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಮಾತನ್ನು ಇಂಗ್ಲೆಂಡಿನಲ್ಲಿ ಇನ್ನೂರು ಮುನ್ನೂರು ವರ್ಷ ಹೇಳಿದರು, ಹೇಳಿಕೊಂಡೇ ಇಡೀ ದೇಶದ ಸಾಮೂಹಿಕ ಹೊಲಗಳನ್ನು ಬೇಲಿ ಹಾಕಿ ಹಂಚಿದರು. ಒಂದು ಹಳ್ಳಿ ಮಾತ್ರ ಹಳೇ ಊರ ಕೋರ್ಟಿನ ಸಮೇತ ಹಾಗೇ ಉಳಿಯಿತು. ಉಳಿದಿದ್ದಲ್ಲದೆ, ಇವತ್ತಿಗೂ ಉಳುಮೆ ಮಾಡುತ್ತಾ ಕೂತಿದೆ.

ಆ ಹಳ್ಳಿ ಲ್ಯಾಕ್ಸ್‌ಟನ್. ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿ. ಒಂದು ಕಡೆ ಟಕ್ಸ್‌ಫರ್ಡ್, ಇನ್ನೊಂದು ಕಡೆ ಆಲರ್ಟನ್, ಸ್ವಲ್ಪ ದೂರದಲ್ಲಿ ನ್ಯೂಆರ್ಕ್ ಪಟ್ಟಣ. ಪಶ್ಚಿಮಕ್ಕೆ ಶರ್ವುಡ್ ಕಾಡು. ಹೌದು, ರಾಬಿನ್ ಹುಡ್ ಇದ್ದ ಕಾಡೇ. ಅವನ ಬಗ್ಗೆ ಪ್ರಶ್ನೆ ಕೇಳಬೇಡಿ. ಮೂರ್‌ಹೌಸ್ ಅನ್ನುವ ಪುಟ್ಟ ಊರನ್ನೂ ಸೇರಿಸಿಕೊಂಡು ಒಂದು ಪ್ಯಾರಿಷ್, ನಮ್ಮ ಪಂಚಾಯಿತಿ ಇದ್ದ ಹಾಗೆ. ಜನಸಂಖ್ಯೆ ಕೆಲವು ನೂರು ಅಷ್ಟೇ. ಈ ಸಭಾಂಗಣದಲ್ಲಿ ಸ್ವಲ್ಪ ಒತ್ತರಿಸಿ ಕೂತರೆ ಇಡೀ ಪ್ಯಾರಿಷ್ ಹಿಡಿಸಬಹುದು. ಒಂದು ಚರ್ಚು, ಒಂದು ಪಬ್ಬು, ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಕಟ್ಟಿದ ಕೋಟೆಯ ಮಣ್ಣಿನ ದಿಬ್ಬ. ಆ ದಿಬ್ಬ ಹತ್ತಿದರೆ ಸುತ್ತಲಿನ ಹೊಲಗಳೆಲ್ಲ ಕಾಣುತ್ತವೆ.

1086ರ ಡೂಮ್ಸ್‌ಡೇ ದಾಖಲೆಯಲ್ಲೇ ಈ ಊರಿದೆ. ಗೆದ್ದ ರಾಜ ಯಾರ ಹತ್ತಿರ ಏನಿದೆ ಅಂತ ಬರೆಸಿಕೊಂಡ ಪುಸ್ತಕ ಅದು. ಮೊದಲು ಟೋಕಿ ಎಂಬುವನ ಕೈಲಿದ್ದ ಊರು ಆಮೇಲೆ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್‌ನ ಪಾಲಾಯಿತು. ಯಾರ ಪಾಲಾದರೂ ಉಳುವವರು ಅವರೇ ಇದ್ದರು, ಅದು ಬೇರೆ ಮಾತು.

ಊರಿನ ಬೀದಿಯಲ್ಲಿ ನಡೆದರೆ ಮೊದಲು ಒಂದು ವಿಚಿತ್ರ ಕಾಣುತ್ತದೆ. ರೈತರ ಮನೆ, ಕೊಟ್ಟಿಗೆ, ಕಣಜ ಎಲ್ಲ ಬೀದಿಯ ಮೇಲೇ ಇವೆ. ಬಹಳಷ್ಟು ಮನೆಗಳು ರಸ್ತೆಗೆ ಪಕ್ಕೆ ತಿರುಗಿಸಿ ನಿಂತಿವೆ. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಅವನ ಹೊಲದ ನಡುವೆ ಒಂಟಿಯಾಗಿ ಇರುತ್ತದೆ, ಸುತ್ತ ಬೇಲಿ. ಇಲ್ಲಿ ಹಾಗಿರಲು ಸಾಧ್ಯವೇ ಇಲ್ಲ. ಯಾಕೆಂದರೆ ಯಾವ ರೈತನ ಹೊಲವೂ ಒಂದೇ ಕಡೆ ಇಲ್ಲ.

ವ್ಯವಸ್ಥೆ ಹೀಗಿದೆ. ಮೂರು ದೊಡ್ಡ ಬಯಲು: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಈಗ ಮೂರೂ ಸೇರಿ ಸುಮಾರು 480 ಎಕರೆ. ಬೇಲಿ ಇಲ್ಲ, ಬದುವೂ ಇಲ್ಲ. ಪ್ರತಿ ಬಯಲಲ್ಲೂ ಉದ್ದುದ್ದ ಪಟ್ಟಿಗಳು. ಹದಿನೈದರ ಆಸುಪಾಸು ರೈತ ಕುಟುಂಬಗಳಿಗೆ ಮೂರೂ ಬಯಲಲ್ಲಿ ಅಲ್ಲೊಂದು ಇಲ್ಲೊಂದು ಪಟ್ಟಿ. ಒಂದು ಬಯಲಲ್ಲಿ ಈ ವರ್ಷ ಚಳಿಗಾಲದ ಗೋಧಿ. ಮುಂದಿನ ವರ್ಷ ಅದೇ ಬಯಲಲ್ಲಿ ವಸಂತದ ಬೆಳೆ, ಬಾರ್ಲಿ ಅಥವಾ ಅವರೆ ಜಾತಿಯ ಕಾಳು. ಮೂರನೇ ವರ್ಷ ಬೀಳು. ಈಗ ಬೀಳು ಅಂದರೂ ಮೇವಿನ ಹುಲ್ಲು ಬೆಳೆಯುತ್ತಾರೆ. ಮೂರು ಬಯಲೂ ಸರದಿಯಲ್ಲಿ ಸುತ್ತುತ್ತವೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಒಬ್ಬ ರೈತ ನನಗೆ ಈ ವರ್ಷ ಗೋಧಿ ಬೇಡ, ಆಲೂಗಡ್ಡೆ ಹಾಕುತ್ತೇನೆ ಅಂದರೆ ನಡೆಯುವುದಿಲ್ಲ. ಅಕ್ಕಪಕ್ಕದ ಪಟ್ಟಿ ಗೋಧಿ, ನಿನ್ನದೂ ಗೋಧಿ. ಹಿಂದೆ ಕೊಯ್ಲು ಮುಗಿದ ಮೇಲೆ ಇಡೀ ಊರಿನ ಕುರಿ, ದನ ಆ ಬಯಲಿಗೆ ನುಗ್ಗುತ್ತಿದ್ದವು. ಒಬ್ಬನ ಬೆಳೆ ಮಾತ್ರ ನಿಂತಿದ್ದರೆ ಕುರಿಗೆ ಏನು ಗೊತ್ತಾಗುತ್ತದೆ? ಅದಕ್ಕೇ ಎಲ್ಲರೂ ಒಂದೇ ಬೆಳೆ, ಒಂದೇ ಕಾಲ. ತಪ್ಪಿಸಿಕೊಂಡು ತಿರುಗುವ ದನವನ್ನು ಹಿಡಿದು ದೊಡ್ಡಿಗೆ ಹಾಕಲು ಒಬ್ಬ ಪಿಂಡರ್ ಇರುತ್ತಿದ್ದ. ಬಿಡಿಸಿಕೊಳ್ಳಲು ದುಡ್ಡು ಕಟ್ಟಬೇಕು. ಆ ದೊಡ್ಡಿ ಈಗಲೂ ಊರಲ್ಲಿದೆ.

ಪಟ್ಟಿಗಳ ನಡುವೆ ಉಳಲು ಬಾರದ ತಗ್ಗಿನ ಜಾಗಗಳಿವೆ. ಅವಕ್ಕೆ ಸೈಕ್ ಅನ್ನುತ್ತಾರೆ. ಅಲ್ಲಿ ಹುಲ್ಲು ಬೆಳೆಯುತ್ತದೆ. ನೂರಾರು ವರ್ಷ ನೇಗಿಲು ಮುಟ್ಟದ ಹುಲ್ಲು. ಹಾಗಾಗಿ ಬೇರೆ ಕಡೆ ಅಪರೂಪವಾದ ಹೂಗಿಡಗಳು ಅಲ್ಲಿ ಉಳಿದಿವೆ, ಸರ್ಕಾರ ಅದಕ್ಕೆ ಸಂರಕ್ಷಣೆಯ ಪಟ್ಟ ಕೊಟ್ಟಿದೆ. ಬೇಸಿಗೆಯಲ್ಲಿ ಆ ಹುಲ್ಲನ್ನು ಹರಾಜು ಹಾಕುತ್ತಾರೆ. ಹರಾಜು ಅಂದರೆ ದೊಡ್ಡ ಗದ್ದಲವೇನಿಲ್ಲ. ಇಂಗ್ಲಿಷರು ಹರಾಜಿನಲ್ಲೂ ಪಿಸುಮಾತಾಡುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬದು ಇಲ್ಲ ಅಂದೆ. ಬದು ಇಲ್ಲದ ಕಡೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕೇ? ಒಂದು ವರ್ಷ ಒಂದು ಸಾಲು ಆಚೆ, ಇನ್ನೊಂದು ವರ್ಷ ಇನ್ನೊಂದು ಸಾಲು. ಮೊಮ್ಮಗನ ಕಾಲಕ್ಕೆ ಪಕ್ಕದವನ ಹೊಲವೇ ಮಾಯ. ನಮ್ಮಲ್ಲಾದರೆ ಹದ್ದುಬಸ್ತಿಗೆ ಅರ್ಜಿ, ಸರ್ವೆಯರ್‌ಗೆ ಕಾಯುವುದು, ಕೊನೆಗೆ ಕೋರ್ಟು, ಕೋರ್ಟಿನಲ್ಲಿ ಅಜ್ಜನ ಕೇಸನ್ನು ಮೊಮ್ಮಗ ನಡೆಸುವುದು. ಲ್ಯಾಕ್ಸ್‌ಟನ್‌ನಲ್ಲಿ ಇದಕ್ಕೆ ಒಂದು ದಿನ ಇಟ್ಟಿದ್ದಾರೆ. ಒಂದೇ ದಿನ.

ನವೆಂಬರ್ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿ ಮೊಳಕೆ ಬಂದ ಮೇಲೆ, ಜ್ಯೂರಿ ದಿನ. ಹನ್ನೆರಡು ಮಂದಿಯ ಜ್ಯೂರಿ, ಅಂದರೆ ಪಂಚರು, ಅವರಿಗೆ ಮುಖ್ಯಸ್ಥನಾಗಿ ಒಬ್ಬ ಫೋರ್‌ಮನ್. ಎಲ್ಲರೂ ರೈತರೇ. ಹಿಂದೆ ಕುದುರೆ, ಈಗ ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರ್. ಟ್ರೈಲರಿನಲ್ಲಿ ಹೊಸದಾಗಿ ಚೂಪು ಮಾಡಿದ ಮರದ ಗೂಟಗಳು, ಒಂದು ದೊಡ್ಡ ಸುತ್ತಿಗೆ. ಆ ವರ್ಷ ಗೋಧಿ ಇರುವ ಬಯಲಿಗೆ ಹೋಗುತ್ತಾರೆ. ಪಟ್ಟಿ ಪಟ್ಟಿಗೂ ನಡೆದು ನೋಡುತ್ತಾರೆ. ಎಲ್ಲಿ ಗಡಿ ಅಂತ ಅಳೆದು ಗೂಟ ಹೊಡೆಯುತ್ತಾರೆ. ಯಾರು ಪಕ್ಕದವನ ಕಡೆ ಉತ್ತಿದ್ದಾರೆ, ಯಾರು ಸೈಕಿನ ಹುಲ್ಲನ್ನು ಸೀಳಿ ಒಳಗೆ ಹಾಕಿಕೊಂಡಿದ್ದಾರೆ, ಯಾರು ದಾರಿಯ ಅಗಲವನ್ನು ಕಚ್ಚಿದ್ದಾರೆ, ಯಾರು ಚರಂಡಿ ತೆಗೆದಿಲ್ಲ, ಎಲ್ಲ ಬರೆದುಕೊಳ್ಳುತ್ತಾರೆ. ಆ ಕಾಲದ ಇಂಗ್ಲಿಷ್ ಹವೆಯಲ್ಲಿ, ಮೊಣಕಾಲಿನವರೆಗೆ ಜೇಡಿಮಣ್ಣಿನಲ್ಲಿ. ಲ್ಯಾಕ್ಸ್‌ಟನ್ ಮಣ್ಣು ಬೂಟಿಗೆ ಅಂಟಿದರೆ ಬಿಡುವ ಜಾತಿಯದಲ್ಲ. ನಾನು ಹೋಗಿದ್ದಾಗ ಒಂದು ಬೂಟು ಅಲ್ಲೇ ಉಳಿದುಹೋಗುವ ಲಕ್ಷಣವಿತ್ತು.

ಆಮೇಲೆ ಎಲ್ಲರೂ ಪಬ್ಬಿಗೆ ಹೋಗಿ ಊಟ ಮಾಡುತ್ತಾರೆ. ಡವ್‌ಕೋಟ್ ಇನ್ ಅಂತ ಅದರ ಹೆಸರು. ಈ ಊಟ ಬಹಳ ಮುಖ್ಯ. ಆಮೇಲೆ ಹೇಳುತ್ತೇನೆ ಯಾಕೆ ಅಂತ.

ಒಂದು ವಾರ ಬಿಟ್ಟು ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಸೇರುತ್ತದೆ. ಇದು ಮಧ್ಯಯುಗದ ಊರಿನ ನ್ಯಾಯಾಲಯ. ಜಮೀನಿನ ಒಡೆಯನ ಪರವಾಗಿ ಒಬ್ಬ ಸ್ಟೂವರ್ಡ್, ಸಾಮಾನ್ಯವಾಗಿ ವಕೀಲ, ಕೂರುತ್ತಾನೆ. ಬೇಲಿಫ್ ಕೂಗಿ ಕರೆಯುತ್ತಾನೆ. ಜ್ಯೂರಿಯ ಪಟ್ಟಿ ಓದುತ್ತಾರೆ. ತಪ್ಪು ಮಾಡಿದವರಿಗೆ ದಂಡ. ದಂಡ ಎಷ್ಟು? ಕೆಲವು ಪೌಂಡ್. ಬರಬೇಕಾದವರು ಕೋರ್ಟಿಗೆ ಬಾರದಿದ್ದರೂ ದಂಡ. ಅದು ಕೆಲವು ಪೆನ್ನಿ. ಅಲ್ಲೇ ಮುಂದಿನ ವರ್ಷದ ಜ್ಯೂರಿಗೆ ಪ್ರಮಾಣವಚನ. ಮುಗಿಯಿತು.

ನಾಟಕ ಅಂತ ಅನ್ನಿಸಬಹುದು. ಟೂರಿಸ್ಟುಗಳಿಗೆ ಮಾಡುವ ಆಟ ಅಂತ. ಅಲ್ಲ. 1977ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಕಾನೂನು ಮಾಡಿ, ಇಂಥ ಹಳೇ ಊರ ಕೋರ್ಟುಗಳ ಅಧಿಕಾರವನ್ನೆಲ್ಲ ಕಿತ್ತುಹಾಕಿತು. ಬಹಳಷ್ಟು ಕಡೆ ಅವು ಬರೀ ಮೆರವಣಿಗೆ, ಟೋಪಿ, ಬೆಳ್ಳಿ ಕೋಲು ಆಗಿದ್ದವು. ಲ್ಯಾಕ್ಸ್‌ಟನ್ ಕೋರ್ಟಿಗೆ ಮಾತ್ರ ಬಯಲಿನ ನಿರ್ವಹಣೆ ಅಧಿಕಾರ ಉಳಿಸಿದರು. ಯಾಕೆಂದರೆ ಅದಕ್ಕೆ ನಿಜವಾಗಿ ಕೆಲಸವಿತ್ತು. ಪಟ್ಟಿ ಹೊಲಗಳು ಡೆವನ್‌ನ ಬ್ರಾಂಟನ್‌ನಲ್ಲೂ ಇವೆ, ಲಿಂಕನ್‌ಷೈರಿನ ಆಕ್ಸ್‌ಹೋಮ್ ಕಡೆಯೂ ಇವೆ. ಆದರೆ ಹೊಲದ ಜೊತೆಗೆ ಹೊಲವನ್ನು ಆಳುವ ಕೋರ್ಟೂ ಜೀವಂತ ಇರುವುದು ಲ್ಯಾಕ್ಸ್‌ಟನ್‌ನಲ್ಲೇ.

ನನ್ನ ವಾದ ಇಷ್ಟೇ, ಬೇಜಾರಾಗುವಷ್ಟು ಸಲ ಹೇಳುತ್ತೇನೆ. ಹಂಚಿಕೊಂಡ ನೆಲ ಪ್ರೀತಿಯಿಂದ ಉಳಿಯುವುದಿಲ್ಲ. ಗೂಟ, ದಂಡ, ಊಟ. ಈ ಮೂರರಿಂದ ಉಳಿಯುತ್ತದೆ.

ಸರಿ, ಈಗ ಮೆಣಸು.

1625ರ ಸುಮಾರಿಗೆ ಲ್ಯಾಕ್ಸ್‌ಟನ್ ಊರನ್ನು ಲಂಡನ್ನಿನ ಒಬ್ಬ ವ್ಯಾಪಾರಿ ಕೊಂಡ. ಸರ್ ವಿಲಿಯಂ ಕೋರ್ಟೆನ್. ಅವನ ಅಪ್ಪ ಫ್ಲಾಂಡರ್ಸ್‌ನಲ್ಲಿ ದರ್ಜಿ. ಸ್ಪೇನಿನವರ ಧರ್ಮದ ಕಿರುಕುಳ ತಾಳದೆ ಇಂಗ್ಲೆಂಡಿಗೆ ಓಡಿಬಂದವನು. ಮಗ ರೇಷ್ಮೆ, ನಾರುಬಟ್ಟೆ ವ್ಯಾಪಾರದಲ್ಲಿ ಎಷ್ಟು ಗಳಿಸಿದ ಅಂದರೆ, ರಾಜನಿಗೇ ಸಾಲ ಕೊಟ್ಟ. ಒಬ್ಬ ರಾಜನಿಗಲ್ಲ, ಇಬ್ಬರಿಗೆ. ಮೊದಲನೇ ಜೇಮ್ಸ್, ಆಮೇಲೆ ಮೊದಲನೇ ಚಾರ್ಲ್ಸ್. ರಾಜರು ಸರ್ ಅನ್ನುವ ಬಿರುದು ಕೊಟ್ಟರು. ಸಾಲ ಮಾತ್ರ ವಾಪಸ್ ಕೊಡಲಿಲ್ಲ. ರಾಜರಿಗೆ ಸಾಲ ಕೊಡುವವರ ಕಥೆ ಎಲ್ಲ ದೇಶದಲ್ಲೂ ಒಂದೇ.

ಕೋರ್ಟೆನ್ 1627ರಲ್ಲಿ ತನ್ನ ದುಡ್ಡು ಹಾಕಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರ ವಸಾಹತು ಶುರು ಮಾಡಿಸಿದ. ಮೊದಲ ಹಡಗಿನಲ್ಲೇ ಕೆಲವರು ಆಫ್ರಿಕಾದ ಗುಲಾಮರೂ ಇದ್ದರು, ಅದನ್ನು ಮರೆಯಬಾರದು. ಸ್ವಲ್ಪ ದಿನಕ್ಕೇ ರಾಜ ಆ ದ್ವೀಪವನ್ನು ತನ್ನ ಮೆಚ್ಚಿನ ಸರದಾರ ಕಾರ್ಲೈಲ್ ಅರ್ಲ್‌ಗೆ ಬರೆದುಕೊಟ್ಟ. ಹಾಕಿದ ದುಡ್ಡು ಕೋರ್ಟೆನ್‌ದು, ದ್ವೀಪ ಬೇರೆಯವರದು.

ಆಗ ಅವನು ಪೂರ್ವದ ಕಡೆ ನೋಡಿದ. ಈಸ್ಟ್ ಇಂಡಿಯಾ ಕಂಪನಿಗೆ ಅಷ್ಟು ಹೊತ್ತಿಗೆ ಏಕಸ್ವಾಮ್ಯವಿತ್ತು. ಆದರೆ ರಾಜನಿಗೆ ದುಡ್ಡು ಬೇಕಿತ್ತು. 1635ರಲ್ಲಿ ಕಂಪನಿಗೆ ಎದುರಾಗಿ ಕೋರ್ಟೆನ್ ಬಳಗಕ್ಕೆ ಗೋವಾ, ಮಲಬಾರು, ಚೀನಾ, ಜಪಾನ್ ವ್ಯಾಪಾರಕ್ಕೆ ಪರವಾನಗಿ ಕೊಟ್ಟ. 1636ರಲ್ಲಿ ಕ್ಯಾಪ್ಟನ್ ವೆಡೆಲ್ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅದೇ ವರ್ಷ ಕೋರ್ಟೆನ್ ತೀರಿಕೊಂಡ. ಹಡಗುಗಳು ನಿಲ್ಲಲಿಲ್ಲ. ಗೋವಾ ಮುಟ್ಟಿ, 1637ರ ಆರಂಭದಲ್ಲಿ ಭಟ್ಕಳಕ್ಕೆ ಬಂದವು. ಪೀಟರ್ ಮಂಡಿ ಅನ್ನುವ ಡೈರಿ ಬರೆಯುವ ಮನುಷ್ಯ ಅದರಲ್ಲಿದ್ದ. ಅವನು ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ, ಕೆಳದಿಯ ವೀರಭದ್ರ ನಾಯಕನ ಆಸ್ಥಾನ ನೋಡಿಬಂದ. 1638ರಲ್ಲಿ ಕೋರ್ಟೆನ್ ಬಳಗದವರು ಕಾರವಾರದಲ್ಲಿ ಕೋಠಿ ತೆರೆದರು. ಯಾಕೆ ಕಾರವಾರ? ಸೋದೆಯ ಮೆಣಸಿನ ಹೆಸರು ಕೇಳಿ. ನಿಮ್ಮ ಸೋದೆಯ ಮೆಣಸೇ.

ಈಗ 1635 ಅನ್ನುವ ಇಸವಿ ನೆನಪಿಡಿ. ಪೂರ್ವದ ವ್ಯಾಪಾರಕ್ಕೆ ಪರವಾನಗಿ ಸಿಕ್ಕ ಅದೇ ವರ್ಷ, ಇದೇ ಕೋರ್ಟೆನ್ ತನ್ನ ಲ್ಯಾಕ್ಸ್‌ಟನ್ ಊರನ್ನು ಸರ್ವೆ ಮಾಡಿಸಿದ. ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರ್ ಪ್ರತಿ ಪಟ್ಟಿಯನ್ನೂ ಅಳೆದ. ಆಗ ಸಾವಿರಾರು ಪಟ್ಟಿಗಳಿದ್ದವು. ಯಾರದು, ಎಷ್ಟು, ಎಲ್ಲಿ, ಎಲ್ಲ ಬರೆದ. ಜೊತೆಗೆ ಒಂದು ನಕ್ಷೆ. ಆಹಾ, ಆ ನಕ್ಷೆ! ಪಟ್ಟಿ ಪಟ್ಟಿಯ ಗೆರೆ. ನಡುವೆ ಉಳುವವರು, ಕೊಯ್ಯುವವರು, ಕುರಿಗಳು, ಬೇಟೆನಾಯಿ ಬಿಟ್ಟುಕೊಂಡು ಓಡುವವರು. ಸರ್ವೆಯರ್ ಕೆಲಸ ಮುಗಿಸಿ ಬೇಜಾರಿಗೆ ಬರೆದನೋ, ಯಜಮಾನನನ್ನು ಮೆಚ್ಚಿಸಲು ಬರೆದನೋ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಇವತ್ತೂ ಇದೆ. ಅದರ ಪ್ರತಿ ಹಿಡಿದುಕೊಂಡು ಇವತ್ತಿನ ಬಯಲಲ್ಲಿ ನಡೆದರೆ ದಾರಿ ಸಿಗುತ್ತದೆ. ನಾನು ಹಾಗೆ ನಡೆದಿದ್ದೇನೆ.

ಪಾಪ ಕೋರ್ಟೆನ್. ಬಾರ್ಬಡೋಸ್ ಹೋಯಿತು. ರಾಜನ ಸಾಲ ಹೋಯಿತು. ಮೆಣಸಿನ ವ್ಯಾಪಾರ ಮಗನ ಕೈಲಿ ಮುಳುಗಿತು. ಮಗ ದಿವಾಳಿಯೆದ್ದು ದೇಶ ಬಿಟ್ಟ. ಲ್ಯಾಕ್ಸ್‌ಟನ್ ಕೂಡ ಕೈತಪ್ಪಿ, ಪಕ್ಕದ ಥೋರ್ಸ್‌ಬಿಯ ಪಿಯರ್‌ಪಾಂಟ್ ಮನೆತನಕ್ಕೆ ಹೋಯಿತು. ಉಳಿದಿದ್ದು ಬಾಡಿಗೆ ಲೆಕ್ಕಕ್ಕೆ ಮಾಡಿಸಿದ ಆ ನಕ್ಷೆ. ಅವನ ಮೊಮ್ಮಗನದು ಇನ್ನೊಂದು ಕಥೆ. ಆತ ಚಿಪ್ಪು, ಗಿಡ, ನಾಣ್ಯ ಕೂಡಿಡುವ ಹುಚ್ಚ. ಅವನ ಸಂಗ್ರಹ ಅಂಥದೇ ಹುಚ್ಚಿನ ಹ್ಯಾನ್ಸ್ ಸ್ಲೋನ್‌ಗೆ ಹೋಗಿ, ಸ್ಲೋನ್‌ನಿಂದ ಬ್ರಿಟಿಷ್ ಮ್ಯೂಸಿಯಂ ಸೇರಿತು. ಸಾಕು, ಬೇಲಿ ಹಾರಿದೆ, ವಾಪಸ್ ಬಯಲಿಗೆ ಬರುತ್ತೇನೆ.

ಎಲ್ಲರದೂ ಅಂದರೆ ಯಾರದೂ ಅಲ್ಲ. ಈ ಮಾತಿಗೆ ವಿಜ್ಞಾನದ ಅಂಗಿ ತೊಡಿಸಿದವರು ಗ್ಯಾರೆಟ್ ಹಾರ್ಡಿನ್. ಅಮೆರಿಕದ ಜೀವವಿಜ್ಞಾನಿ. 1968ರಲ್ಲಿ ಒಂದು ಲೇಖನ ಬರೆದರು. ಒಂದು ಹುಲ್ಲುಗಾವಲು, ಎಲ್ಲರಿಗೂ ಮುಕ್ತ. ಪ್ರತಿಯೊಬ್ಬ ದನಗಾಹಿಯೂ ಒಂದು ದನ ಜಾಸ್ತಿ ಬಿಡುತ್ತಾನೆ, ಲಾಭ ಅವನಿಗೆ, ನಷ್ಟ ಎಲ್ಲರಿಗೆ. ಕೊನೆಗೆ ಹುಲ್ಲುಗಾವಲು ನಾಶ. ಓದಿದರೆ ಒಪ್ಪಲೇಬೇಕು ಅನ್ನಿಸುತ್ತದೆ. ಆದರೆ ಆ ಹುಲ್ಲುಗಾವಲು ಎಲ್ಲಿದೆ? ಎಲ್ಲೂ ಇಲ್ಲ. ಮನಸ್ಸಿನಲ್ಲಿ ಬರೆದ ಚಿತ್ರ. ಅಲ್ಲಿ ಜ್ಯೂರಿ ಇಲ್ಲ, ಪಿಂಡರ್ ಇಲ್ಲ, ದೊಡ್ಡಿ ಇಲ್ಲ, ಆ ದನಗಾಹಿಗಳು ಒಬ್ಬರಿಗೊಬ್ಬರು ಮಾತೂ ಆಡುವುದಿಲ್ಲ! ಹಳ್ಳಿಯಲ್ಲಿ ಮಾತಾಡದ ದನಗಾಹಿಯನ್ನು ಯಾರಾದರೂ ನೋಡಿದ್ದೀರಾ? ಬಹಳ ವರ್ಷದ ಮೇಲೆ ಹಾರ್ಡಿನ್ನರೇ, ನಾನು ಹೇಳಿದ್ದು ನಿರ್ವಹಣೆ ಇಲ್ಲದ ಸಾಮೂಹಿಕ ನೆಲದ ಬಗ್ಗೆ ಅಂತ ತಿದ್ದಿಕೊಂಡರು. ಅಷ್ಟರಲ್ಲಿ ಲೇಖನ ಊರೆಲ್ಲ ಸುತ್ತಿತ್ತು. ತಿದ್ದುಪಡಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಅಮೆರಿಕದವರೇ ಆದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಬೇರೆ ದಾರಿ ಹಿಡಿದರು. ನಿಜವಾದ ಹುಲ್ಲುಗಾವಲು, ನಿಜವಾದ ಕಾಲುವೆ ಹುಡುಕಿಕೊಂಡು ಹೋದರು. ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿ, ಸ್ಪೇನಿನ ನೀರಾವರಿ, ಜಪಾನಿನ ಊರ ಕಾಡು ಇವನ್ನೆಲ್ಲ ಅಧ್ಯಯನ ಮಾಡಿದರು. ಜನರೇ ನಿಯಮ ಮಾಡಿ ನೂರಾರು ವರ್ಷ ನಡೆಸಿದ್ದಾರೆ ಅಂತ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಹೆಣ್ಣಿಗೆ ಸಿಕ್ಕ ಮೊದಲ ನೊಬೆಲ್. ಅವರು ಕಂಡ ಎರಡು ಸಂಗತಿ ಕೇಳಿ. ಒಂದು, ಕಾವಲು ಕಾಯುವವರು ಬಳಸುವವರೇ ಆಗಿರಬೇಕು, ಇಲ್ಲವೇ ಅವರಿಗೆ ಉತ್ತರ ಕೊಡಬೇಕಾದವರು ಆಗಿರಬೇಕು. ಎರಡು, ಮೊದಲ ತಪ್ಪಿಗೆ ಶಿಕ್ಷೆ ಚಿಕ್ಕದಿರಬೇಕು, ಮತ್ತೆ ಮತ್ತೆ ಮಾಡಿದರೆ ಏರಬೇಕು. ಅಂದರೆ ಏನು? ಗೂಟ ಮತ್ತು ದಂಡ. ಊಟದ ಬಗ್ಗೆ ಅವರು ಬರೆಯಲಿಲ್ಲ. ಆ ಅಧ್ಯಾಯ ನಾನು ಸೇರಿಸುತ್ತಿದ್ದೇನೆ.

ಊಟ ಯಾಕೆ ಮುಖ್ಯ? ದಂಡ ಹಾಕಿದವನೂ ಹಾಕಿಸಿಕೊಂಡವನೂ ನಾಳೆ ಅದೇ ಬಯಲಿಗೆ ಹೋಗಬೇಕು. ಅವರ ಪಟ್ಟಿಗಳು ಅಕ್ಕಪಕ್ಕ. ಈ ವರ್ಷ ಜ್ಯೂರಿಯಲ್ಲಿ ನಾನಿದ್ದೇನೆ, ಮುಂದಿನ ವರ್ಷ ನೀನಿರುತ್ತೀಯ. ದಂಡ ದೊಡ್ಡದಾದರೆ ವೈರ ಬೆಳೆಯುತ್ತದೆ. ದಂಡವೇ ಇಲ್ಲದಿದ್ದರೆ ಸಾಲು ಮುಂದೆ ಹೋಗುತ್ತದೆ. ಕೆಲವು ಪೌಂಡಿನ ದಂಡ ಜೇಬಿಗೆ ತಾಗುವುದಿಲ್ಲ, ಮುಖಕ್ಕೆ ತಾಗುತ್ತದೆ. ಊರವರೆಲ್ಲರ ಮುಂದೆ ನಿನ್ನ ಹೆಸರು ಓದಿದರು ಅನ್ನುವುದೇ ಶಿಕ್ಷೆ. ಓದಿಸಿಕೊಂಡು ಅದೇ ಕೋಣೆಯಲ್ಲಿ ಅವರ ಜೊತೆ ಕೂತು ತಿನ್ನಬೇಕು, ಕುಡಿಯಬೇಕು. ಜಗಳ ಅಲ್ಲಿಗೇ ಮುಗಿಯಿತು.

ಹಾಗಂತ ಲ್ಯಾಕ್ಸ್‌ಟನ್ ಅನ್ನು ರಾಮರಾಜ್ಯ ಮಾಡಬೇಡಿ. ಇದು ನನಗೆ ಸಿಟ್ಟು ಬರುವ ವಿಷಯ. ಕೆಲವರು ಅಲ್ಲಿ ಹೋಗಿ ಎರಡು ಫೋಟೊ ತೆಗೆದು ಬಂದು ಸಮಾನತೆ, ಸಹಬಾಳ್ವೆ ಅಂತ ಬರೆಯುತ್ತಾರೆ. ಸಮಾನತೆ ಎಲ್ಲಿಂದ ಬಂತು? ಅಷ್ಟೂ ಕಾಲ ನೆಲಕ್ಕೆ ಒಡೆಯರಿದ್ದರು. ರೈತರಲ್ಲಿ ಬಹುಪಾಲು ಗೇಣಿದಾರರು. 1635ರ ಲೆಕ್ಕದಲ್ಲೇ ದೊಡ್ಡ ರೈತರಿದ್ದಾರೆ, ಚೂರುಪಾರು ನೆಲದ ಬಡವರಿದ್ದಾರೆ. 20ನೇ ಶತಮಾನದ ಮೊದಲ ದಶಕದಲ್ಲಿ ಒಡೆಯನೇ ಪಟ್ಟಿಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿಸಿದ. ಸಾವಿರಾರು ಇದ್ದದ್ದು ಇವತ್ತು ಇನ್ನೂರರೊಳಗೆ ಬಂದಿದೆ.

ಊರು ಉಳಿದಿದ್ದೂ ಯಾರ ಪುಣ್ಯದಿಂದಲೂ ಅಲ್ಲ. 1604ರಿಂದ 1914ರವರೆಗೆ ಸಂಸತ್ತು 5,200ಕ್ಕೂ ಹೆಚ್ಚು ಬೇಲಿ ಕಾನೂನುಗಳನ್ನು ಪಾಸು ಮಾಡಿತು. 68 ಲಕ್ಷ ಎಕರೆ. ಒಂದೊಂದು ಪ್ಯಾರಿಷ್‌ಗೆ ಒಂದೊಂದು ಕಾನೂನು. ಹೆಲ್ಪ್‌ಸ್ಟನ್ ಅನ್ನುವ ಹಳ್ಳಿಗೆ 1809ರಲ್ಲಿ ಬಂತು. ಆ ಊರಲ್ಲಿ ಜಾನ್ ಕ್ಲೇರ್ ಅನ್ನುವ ಕೂಲಿಯವನಿದ್ದ, ದೊಡ್ಡ ಕವಿ. ತಾನು ಹುಡುಗನಾಗಿ ಓಡಾಡಿದ ಬಯಲು ಮುಚ್ಚಿಹೋದ ಸಂಕಟವನ್ನು ಅವನು ಜೀವನಪೂರ್ತಿ ಬರೆದ. ಹೊಟ್ಟೆಪಾಡಿಗೆ ಬೇಲಿ ಗಿಡ ನೆಡುವ ಕೂಲಿಯನ್ನೂ ಅವನೇ ಮಾಡಿದ. ಕೊನೆಗಾಲವೆಲ್ಲ ಮಾನಸಿಕ ಆಸ್ಪತ್ರೆಯಲ್ಲಿ ಕಳೆದು 1864ರಲ್ಲಿ ತೀರಿಕೊಂಡ. ಕ್ಲೇರ್ ಬಗ್ಗೆ ಮಾತಾಡಲು ಇನ್ನೊಂದು ದಿನ ಕೊಡಿ.

ಲ್ಯಾಕ್ಸ್‌ಟನ್‌ಗೆ ಯಾಕೆ ಬರಲಿಲ್ಲ? ಸ್ವಲ್ಪ ಭಾಗಕ್ಕೆ ಬಂತು, 18ನೇ ಶತಮಾನದಲ್ಲೇ. ಪೂರ್ತಿ ಆಗಲಿಲ್ಲ. ಎಲ್ಲರೂ ಕೊಡುವ ಕಾರಣ ಏನೆಂದರೆ, ಊರಲ್ಲಿ ಇಬ್ಬರು ದೊಡ್ಡ ಒಡೆಯರು. ಥೋರ್ಸ್‌ಬಿಯ ಮ್ಯಾನ್ವರ್ಸ್ ಅರ್ಲ್ (ಅದೇ ಪಿಯರ್‌ಪಾಂಟ್ ಮನೆತನ), ರಫರ್ಡ್‌ನ ಸ್ಕಾರ್ಬರೊ ಅರ್ಲ್. ಯಾರಿಗೆ ಯಾವ ತುಂಡು ಅನ್ನುವುದರಲ್ಲಿ ಇಬ್ಬರಿಗೂ ಒಪ್ಪಂದವಾಗಲಿಲ್ಲ. ಜಗಳ ಮುಗಿಯುವ ಹೊತ್ತಿಗೆ ಕಾಲ ಬದಲಾಗಿತ್ತು. 1870ರ ದಶಕದಿಂದ ಧಾನ್ಯದ ಬೆಲೆ ಕುಸಿಯಿತು. ಬೇಲಿ, ಹೊಸ ದಾರಿ, ಹೊಸ ಮನೆ ಅಂತ ದುಡ್ಡು ಸುರಿಯುವ ಉಮೇದು ಯಾರಿಗೂ ಉಳಿಯಲಿಲ್ಲ. ಇಬ್ಬರು ಸಾಹುಕಾರರ ಹಟದಿಂದ ಒಂದು ಬಯಲು ಬದುಕಿತು. ನಗಬೇಡಿ, ಇತಿಹಾಸ ಬಹಳ ಸಲ ಹೀಗೇ ಇರುತ್ತದೆ. ಆದರೆ ಬೇಲಿ ಏಳದಂತೆ ತಡೆದಿದ್ದು ಆ ಜಗಳ. ಬಯಲನ್ನು ದಿನ ದಿನ ನಡೆಸಿದ್ದು ಮತ್ತೆ ಅದೇ...

ಹಾಂ, ನೀವೇ ಹೇಳಿದಿರಿ. ಗೂಟ, ದಂಡ, ಊಟ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ವಿಷಯ ಇಟ್ಟುಕೊಂಡಿದ್ದೆ, ಓಡಿಸುತ್ತೇನೆ.

ಒಡೆತನ. 1938ರಲ್ಲಿ ಆಕ್ಸ್‌ಫರ್ಡಿನ ಆರ್ವಿನ್ ದಂಪತಿ ಲ್ಯಾಕ್ಸ್‌ಟನ್ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಆಗ ದೇಶಕ್ಕೆ ಈ ಊರಿನ ಬೆಲೆ ಗೊತ್ತಾಯಿತು. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಜಮೀನನ್ನು ಕೃಷಿ ಇಲಾಖೆಗೆ ಮಾರಿದ, ವ್ಯವಸ್ಥೆ ಉಳಿಯಲಿ ಅಂತ. 1981ರಲ್ಲಿ ಸರ್ಕಾರ ಅದನ್ನು ರಾಜಪಟ್ಟದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ದಾಟಿಸಿತು. 2018ರಲ್ಲಿ ಕ್ರೌನ್ ಎಸ್ಟೇಟ್ ಮಾರುತ್ತೇವೆ ಅಂತ ಹೇಳಿದಾಗ ಊರಿಗೆ ನಡುಕ ಬಂತು. 2020ರಲ್ಲಿ ಕೊಂಡವರು ಯಾರು ಗೊತ್ತಾ? ಥೋರ್ಸ್‌ಬಿ ಎಸ್ಟೇಟ್. ಹಳೇ ಪಿಯರ್‌ಪಾಂಟ್ ಮನೆತನದ್ದೇ. ಸುತ್ತಿ ಬಳಸಿ ಅಲ್ಲಿಗೇ ಬಂತು. ಒಡೆಯ ಬದಲಾದ, ಸರ್ಕಾರ ಬಂತು, ಹೋಯಿತು. ನವೆಂಬರಿನ ಜ್ಯೂರಿ ಟ್ರೈಲರ್ ಮಾತ್ರ ಹೊರಡುತ್ತಲೇ ಇದೆ. ಮುಂದೆ ಹೇಗೋ. ಬ್ರೆಕ್ಸಿಟ್ ಆದಮೇಲೆ, ಅಂದರೆ ಯುರೋಪ್ ಒಕ್ಕೂಟದಿಂದ ಹೊರಬಂದ ಮೇಲೆ, ಇಂಗ್ಲೆಂಡಿನಲ್ಲಿ ಎಕರೆ ಲೆಕ್ಕದ ನೇರ ಸಹಾಯಧನವನ್ನು 2021ರಿಂದ ಇಳಿಸುತ್ತಾ ಬಂದು 2023ರ ಕೊನೆಗೆ ನಿಲ್ಲಿಸಿದರು. ಚಿಕ್ಕ ರೈತರಿಗೆ ಕಷ್ಟ. ಲ್ಯಾಕ್ಸ್‌ಟನ್‌ನಲ್ಲಿ ಗೇಣಿ ಹಿಡಿಯಲು ಹೊಸ ಹುಡುಗರು ಬರದಿದ್ದರೆ ಜ್ಯೂರಿಗೆ ಹನ್ನೆರಡು ಜನ ಎಲ್ಲಿಂದ ತರುತ್ತಾರೆ? ನನಗಿರುವ ದೊಡ್ಡ ಚಿಂತೆ ಇದೇ.

ಚರ್ಚು. ಸೇಂಟ್ ಮೈಕೆಲ್. ಎವರಿಂಗ್‌ಹ್ಯಾಮ್ ಮನೆತನದವರ ಕಲ್ಲಿನ ಪ್ರತಿಮೆಗಳಿವೆ, ಶರ್ವುಡ್ ಕಾಡಿನ ಉಸ್ತುವಾರಿ ಅವರದಿತ್ತು. ಓಕ್ ಮರದಲ್ಲಿ ಕೆತ್ತಿದ ಒಂದು ಹೆಣ್ಣಿನ ಪ್ರತಿಮೆಯೂ ಇದೆ. ಮರದ್ದು ಇಷ್ಟು ಶತಮಾನ ಬಾಳುವುದು ಅಪರೂಪ, ಹೋದವರು ತಪ್ಪದೆ ನೋಡಿ.

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾಗುತ್ತದೆ. ನಾಜಿಗಳು ನಡೆಸಿದ ಯಹೂದಿಗಳ ನರಮೇಧವನ್ನು ನೆನೆಯುವ ಬ್ರಿಟನ್ನಿನ ರಾಷ್ಟ್ರೀಯ ಹಾಲೊಕಾಸ್ಟ್ ಕೇಂದ್ರ ಇರುವುದು ಲಂಡನ್ನಿನಲ್ಲಲ್ಲ, ಲ್ಯಾಕ್ಸ್‌ಟನ್ ಹೊಲಗಳ ಅಂಚಿನಲ್ಲಿ. 1995ರಲ್ಲಿ ಸ್ಮಿತ್ ಅನ್ನುವ ಕುಟುಂಬ ತೆರೆದಿದ್ದು. ಅವರು ಯಹೂದಿಗಳಲ್ಲ, ಕ್ರೈಸ್ತರು. ಜೆರುಸಲೇಮಿನ ಸ್ಮಾರಕ ನೋಡಿಬಂದು, ನಮ್ಮ ದೇಶದಲ್ಲೂ ಇದು ಬೇಕು ಅಂತ ತಮ್ಮದೇ ಜಾಗದಲ್ಲಿ ಕಟ್ಟಿದರು. ಗುಲಾಬಿ ತೋಟವಿದೆ, ಒಂದೊಂದು ಗಿಡಕ್ಕೂ ಒಂದೊಂದು ನೆನಪು. ಇದಕ್ಕೇ ಒಂದು ಉಪನ್ಯಾಸ ಬೇಕು, ಈಗ ಆಗುವುದಿಲ್ಲ.

ನಾಲ್ಕನೆಯದು ಮಣ್ಣಿನ ರಚನೆ, ಎತ್ತಿನ ನೇಗಿಲು ತಿರುಗುವ ಜಾಗದಿಂದ ಪಟ್ಟಿಗೆ ಬರುವ ಬಾಗು. ಅದನ್ನು ಚಿತ್ರವಿಲ್ಲದೆ ಹೇಳಲಾಗುವುದಿಲ್ಲ. ಚಹಾ ಹೊತ್ತಿಗೆ ನಕ್ಷೆಯ ಪ್ರತಿ ಹೊರಗಿನ ಮೇಜಿನ ಮೇಲೆ ಬಿಚ್ಚಿಡುತ್ತೇನೆ. ಬೆರಳಿಟ್ಟು ನೋಡಿ, ಆದರೆ ಲೋಟ ಇಡಬೇಡಿ.

ನಿಮ್ಮಲ್ಲಿ ಬಹಳ ಜನರ ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ ಅಂತ ಗೊತ್ತು. ಅವರ ಮನೆಗೆ ಹೋದಾಗ ಬಕಿಂಗ್‌ಹ್ಯಾಮ್ ಅರಮನೆಯ ಗೇಟು ನೋಡಿದ್ದು ಸಾಕು. ಕಿಂಗ್ಸ್ ಕ್ರಾಸ್‌ನಿಂದ ನ್ಯೂಆರ್ಕ್ ನಾರ್ತ್‌ಗೇಟ್‌ಗೆ ರೈಲು ಹತ್ತಿ, ಅಲ್ಲಿಂದ ಕಾರು. ಜೂನ್‌ನಲ್ಲಿ ಹೋದರೆ ಸೈಕಿನ ಹೂ ಸಿಗುತ್ತದೆ. ನವೆಂಬರ್ ಕೊನೆಯಲ್ಲಿ ಹೋದರೆ ಜ್ಯೂರಿ ಸಿಗುತ್ತದೆ. ದಿನ ಯಾವುದು ಅಂತ ಮೊದಲೇ ಕೇಳಿಕೊಂಡು ಹೋಗಿ. ಬೂಟು ಮಾತ್ರ ಮೊಣಕಾಲಿನವರೆಗಿನದೇ ಆಗಲಿ. ಈಗ ಪ್ರಶ್ನೆಗಳಿದ್ದರೆ ಕೇಳಿ, ಗೋಮಾಳದವರು ಮೊದಲು.